ಭಾವನ ಮೀಟರಿನ ಮುಳ್ಳು

‘ನಿಧಾನವಾಗಿ ಚಲಿಸಿ’ ಎಂಬ ಬೋರ್ಡು ಬರೆದವನೇ ಹೋಗಿ ಆ ಬೋರ್ಡಿಗೆ ಗುದ್ದಿದ. ಬೇರೆ ಯಾರಾದರೂ ಗುದ್ದಿದ್ದರೆ ಅಕ್ಷರ ಕಾಣಲಿಲ್ಲ ಅನ್ನಬಹುದಿತ್ತು. ಇವನಿಗೆ ಅಕ್ಷರ ಕಂಡದ್ದೇ ತೊಂದರೆಯಾಯಿತು. ಓಣಿಯ ತಿರುವಿನಲ್ಲಿ ತನ್ನ ಕೈಬರಹದ ಚೆಂದ ನೋಡುತ್ತಾ, ‘ವಾ’ದ ಬಾಲಕ್ಕೆ ಇನ್ನೊಂದು ಎಳೆ ಬಣ್ಣ ಬೇಕಿತ್ತು ಎಂದುಕೊಳ್ಳುವಷ್ಟರಲ್ಲಿ ಕಂಬವೇ ಎದುರು ಬಂದು ತಬ್ಬಿಕೊಂಡಿತು.

ಬೋರ್ಡಣ್ಣನಿಗೆ ಏನೂ ಆಗಲಿಲ್ಲ. ಓಣಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ. ಮೋಟರ್ ಸೈಕಲ್ಲಿಗೂ ಹೆಚ್ಚೇನಿಲ್ಲ. ಹ್ಯಾಂಡಲ್ ಮೇಲಿನ ಸ್ಪೀಡ್ ಮೀಟರ್ ಮಾತ್ರ ಮೂಗಿಗೆ ಏಟು ತಿಂದ ಪೈಲ್ವಾನನಂತೆ ಕೂತಿತ್ತು. ಗಾಜು ಪುಡಿಪುಡಿ, ಮುಳ್ಳು ಎರಡು ತುಂಡು, ಅಂಕಿಗಳ ಮೇಲೆಲ್ಲ ಗೀರು.

ಗಾಡಿ ಅವನದಾಗಿದ್ದರೆ ಒರೆಸಿಕೊಂಡು ಹೋಗುತ್ತಿದ್ದ. ಅದು ಭಾವನದು. ಭಾವ, ಅಂದರೆ ಅಕ್ಕನ ಗಂಡ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. “ಮೊದ್ಲು ಮೀಟರ್ ನೋಡು, ಆಮೇಲೆ ರಸ್ತೆ ನೋಡು” ಎಂದು ಊರಿನ ಅರ್ಧ ಜನಕ್ಕೆ ಕಲಿಸಿದವರು. ಎರಡು ವರ್ಷದಿಂದ ಗಾಡಿ ಮುಟ್ಟದೆ ಬಸ್ಸಿನಲ್ಲೇ ಓಡಾಡುತ್ತಿದ್ದರು. ಕಳೆದ ವಾರ ಇದ್ದಕ್ಕಿದ್ದ ಹಾಗೆ ಕೀ ಕೊಟ್ಟು, “ಏಳು ದಿನ ಇಟ್ಕೊಳ್ಳಯ್ಯ. ಒಂದು ಗೀರೂ ಬೀಳದ ಹಾಗೆ ನೋಡ್ಕೊಂಡ್ರೆ ಗಾಡಿ ನಿಂದೇ” ಅಂದಿದ್ದರು. ಮಂಡಿನೋವು ಇರಬೇಕು ಎಂದುಕೊಂಡ ಬೋರ್ಡಣ್ಣ ಕಾರಣ ಕೇಳಲಿಲ್ಲ. ಪುಕ್ಕಟೆ ಸಿಕ್ಕುವ ವಸ್ತುವಿಗೆ ಯಾರು ಕಾರಣ ಕೇಳುತ್ತಾರೆ!

ಇಲ್ಲದಿದ್ದರೆ ಅವನ ಪಾಡು ಬಸ್ಸೇ. ಹೋದ ತಿಂಗಳು ಒಬ್ಬ ವಕೀಲರ ಬಿಳಿ ಪ್ಯಾಂಟಿಗೆ ಹಸಿರು ಬಣ್ಣ ಚೆಲ್ಲಿದ ಮೇಲೆ, ಇವನನ್ನೂ ಇವನ ಡಬ್ಬಗಳನ್ನೂ ದೂರದಿಂದ ಕಂಡರೇ ಕಂಡಕ್ಟರ್ ರೈಟ್ ಎಂದು ಸೀಟಿ ಊದಿಬಿಡುತ್ತಿದ್ದ.

ಇವತ್ತು ಏಳನೇ ದಿನ. ಭಾವ ಬರುವುದು ಸಂಜೆ ಐದರ ಬಸ್ಸಿಗೆ.

ಗಾಡಿ ತಳ್ಳಿಕೊಂಡು ಬಂದವನನ್ನು ನೋಡಿ ಹೆಂಡತಿ ತಲೆಯ ಮೇಲೆ ಕೈಯಿಟ್ಟಳು. “ಏನ್ರೀ ಇದು! ಇನ್ನೊಂದು ದಿನ ನೆಟ್ಟಗೆ ಇರೋಕಾಗ್ಲಿಲ್ವಾ?”

“ಕಂಬ ಅಡ್ಡ ಬಂತು ಕಣೇ.”

“ನೀವೇ ಗುಂಡಿ ತೋಡಿ ನೆಟ್ಟ ಕಂಬ ತಾನೇ?”

ಅಷ್ಟರಲ್ಲಿ ಮಹಡಿ ಮನೆಯ ಆಂಟಿ ಇಳಿದು ಬಂದಾಗಿತ್ತು. ಓಣಿಯಲ್ಲಿ ಒಂದು ಚಮಚ ಬಿದ್ದರೂ ಅವರಿಗೆ ಗೊತ್ತಾಗುತ್ತದೆ. “ಅಳೋದು ಆಮೇಲೆ. ಗಡಿಯಾರದ ತಾತನ್ನ ಕರೀರಿ. ಮುಳ್ಳು ಅಂದ್ಮೇಲೆ ಎಲ್ಲಾ ಒಂದೇ” ಎಂದು ತೀರ್ಪು ಕೊಟ್ಟು, ತಾವೇ ಹೋಗಿ ಮೂಲೆ ಮನೆಯ ತಾತನ ಕೈ ಹಿಡಿದು ಕರೆತಂದರು.

ತಾತ ಐವತ್ತು ವರ್ಷ ವಾಚು ರಿಪೇರಿ ಮಾಡಿದವರು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಮೀಟರ್ ಬಿಚ್ಚಿ, ಅದರ ಹೊಟ್ಟೆಯೊಳಗೆ ಹತ್ತು ನಿಮಿಷ ಇಣುಕಿದರು.

“ಒಳಗೆ ಗ್ರೀಸು ಕಲ್ಲಾಗಿ ಕೂತಿದೆ ಕಣಪ್ಪ. ಹಾಗೇ ಬಿಡೋದಾ, ತೊಳೆಯೋದಾ?”

“ತೊಳೀರಿ ತಾತ! ಭಾವ ನೋಡಿದ್ರೆ ಹೊಸದರ ಹಾಗಿರ್ಬೇಕು!”

ತಾತ ಸೀಮೆಎಣ್ಣೆಯಲ್ಲಿ ತೊಳೆದರು, ವಾಚಿನ ಎಣ್ಣೆ ಒಂದೊಂದೇ ತೊಟ್ಟು ಬಿಟ್ಟರು. ಸತ್ತ ಗೋಡೆ ಗಡಿಯಾರದ ನಿಮಿಷದ ಮುಳ್ಳನ್ನು ಕತ್ತರಿಸಿ ಕೂರಿಸಿದರು. ಆಂಟಿ ಬಿಸ್ಕತ್ತು ಡಬ್ಬಿಯ ಪಾರದರ್ಶಕ ಮುಚ್ಚಳ ತಂದುಕೊಟ್ಟು, ಇದ್ದ ಬಿಸ್ಕತ್ತನ್ನು ತಾವೇ ತಿಂದು ಮುಗಿಸಿದರು. ಹೆಂಡತಿ ಮುಚ್ಚಳವನ್ನು ದುಂಡಗೆ ಕತ್ತರಿಸಿದಳು. ಅಂಕಿ ಬರೆಯುವ ಕೆಲಸ ಬೋರ್ಡಣ್ಣನದು. ಸುಮ್ಮನೆ ಬರೆದಿದ್ದರೆ ಅರ್ಧ ಗಂಟೆಯ ಕೆಲಸ. ಅಭ್ಯಾಸಬಲ ನೋಡಿ, ಪ್ರತಿ ಅಂಕಿಗೂ ಹಿಂದೆ ಒಂದು ನೆರಳು ಎಳೆದ. ನಲವತ್ತಂತೂ ಸಿನಿಮಾ ಹೆಸರಿನ ಹಾಗೆ ಎದ್ದು ಕುಣಿಯುತ್ತಿತ್ತು.

“ಇದೇನ್ರೀ, ಮೀಟರೋ ಮದುವೆ ಮಂಟಪದ ಬೋರ್ಡೋ?” ಅಂದಳು ಹೆಂಡತಿ.

“ಮೊದ್ಲು ಹೇಗಿತ್ತೋ ನೆನಪಿಲ್ಲ ಕಣೇ. ಏಳು ದಿನದಲ್ಲಿ ಒಂದು ಸಲವೂ ನೋಡಿಲ್ಲ. ರಸ್ತೆ ನೋಡೋದ್ರಲ್ಲೇ ಜೀವ ಬಾಯಿಗೆ ಬರ್ತಿತ್ತು.”

ನಾಲ್ಕೂವರೆಗೆ ಮೀಟರು ತನ್ನ ಜಾಗದಲ್ಲಿ ಕೂತಿತು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಹಿಂದಿನ ಸೀಟಿನ ಮೇಲೆ ಹೆಂಡತಿ ಭಾರ ಬಿಟ್ಟು ಕೂತಳು. ಮುಂದಿನ ಚಕ್ರ ಮೇಲೆದ್ದಿತು. ಆಂಟಿ ಸೆರಗು ಬಿಗಿದು ರುಬ್ಬುವ ಕಲ್ಲಿನಂತೆ ಚಕ್ರ ತಿರುಗಿಸಿದರು. ಮುಳ್ಳು ನಡುಗಿತು, ಎದ್ದಿತು, ಇಪ್ಪತ್ತು ಮುಟ್ಟಿತು.

“ಬಂತು! ಬಂತು!” ತಾತ ಮನೆಯಲ್ಲಿ ಕೂಸು ಹುಟ್ಟಿದವರಂತೆ ಕೂಗಿದರು.

ಬೋರ್ಡಣ್ಣ ಅವರ ಎರಡೂ ಕೈ ಹಿಡಿದುಕೊಂಡ. “ತಾತ, ನಿಮ್ಮ ಉಪಕಾರ ಜನ್ಮದಲ್ಲಿ ಮರೆಯಲ್ಲ.”

“ನಾನು ಹೇಳ್ಬೇಕಾದ ಮಾತು ಕಣಪ್ಪ ಅದು. ಈ ಕೈಗೆ ಒಂದು ಮುಳ್ಳು ಸಿಕ್ಕಿ ನಾಲ್ಕು ತಿಂಗಳಾಗಿತ್ತು.” ತಾತನ ಭೂತಗಾಜು ಒದ್ದೆಯಾಯಿತು.

ಐದಕ್ಕೆ ಭಾವ ಬಂದರು. ಕೀ ಇಸಿದುಕೊಂಡು, ಕರವಸ್ತ್ರ ತೆಗೆದು ಗಾಡಿಯ ಸುತ್ತ ಮೂರು ಸುತ್ತು ಬಂದರು. ಟ್ಯಾಂಕ್ ಒರೆಸಿದರು, ಮಡ್‌ಗಾರ್ಡ್ ತಟ್ಟಿದರು. ಮೀಟರಿನ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ. ಬಾಗಿಲ ಸಂದಿಯಲ್ಲಿ ಆಂಟಿ, ತಾತ, ಹೆಂಡತಿ ಮೂವರೂ ಇಣುಕುತ್ತಿದ್ದರು.

“ಭೇಷ್! ಒಂದು ಗೀರಿಲ್ಲ. ತಗೊಳ್ಳಯ್ಯ ಕೀ, ಇನ್ಮೇಲೆ ನಿಂದು.”

ಬೋರ್ಡಣ್ಣ ಕೀ ಹಿಡಿದು ಕಣ್ಣಿಗೊತ್ತಿಕೊಂಡ.

“ಕೊಡಿಲ್ಲಿ, ಕೊನೇದಾಗಿ ಒಂದು ಸುತ್ತು ಹೋಗ್ಬರ್ತೀನಿ. ಎಷ್ಟಾದ್ರೂ ಹಳೇ ಸಂಬಂಧ.”

ಹೋದರು. ಓಣಿಯ ತುದಿಯಲ್ಲಿ ಗಕ್ಕನೆ ನಿಂತರು. ತಿರುಗಿಸಿಕೊಂಡು ಬಂದವರ ಮುಖ ಕೆಂಪಾಗಿತ್ತು.

“ಈ ಮೀಟರ್ ಮುಟ್ಟಿದ್ದು ಯಾರು?”

ಬೋರ್ಡಣ್ಣ ಕೈ ಮುಗಿದ. “ನಾನೇ ಭಾವ... ಬೆಳಿಗ್ಗೆ ಕಂಬಕ್ಕೆ ಗುದ್ದಿದೆ. ಗಾಜು ಬಿಸ್ಕತ್ತಿನ ಡಬ್ಬಿದು. ಮುಳ್ಳು ಗಡಿಯಾರದ್ದು. ತಪ್ಪಾಯ್ತು.”

ಭಾವ ಗಾಡಿಯಿಂದ ಇಳಿದು ಬಂದು ಅವನನ್ನು ಗಟ್ಟಿಯಾಗಿ ತಬ್ಬಿಕೊಂಡರು. ಬೆಳಗಿನ ಕಂಬವೇ ಮೆತ್ತಗಿತ್ತು.

“ಎರಡು ವರ್ಷದಿಂದ ಈ ಮುಳ್ಳು ಸೊನ್ನೆ ಬಿಟ್ಟು ಎದ್ದಿರ್ಲಿಲ್ಲ ಕಣಯ್ಯ! ನಾಲ್ಕು ಮೆಕ್ಯಾನಿಕ್ಕಿಗೆ ತೋರಿಸ್ದೆ. ಎಲ್ರೂ ಆಗಲ್ಲ ಅಂತ ಕೈಯೆತ್ತಿದ್ರು. ಮೀಟರ್ ನೋಡು ಅಂತ ಊರಿಗೆಲ್ಲಾ ಹೇಳೋ ನಾನು, ಸತ್ತ ಮೀಟರ್ ಇಟ್ಕೊಂಡು ಹೇಗೆ ಓಡಿಸ್ಲಿ ಹೇಳು? ಅದಕ್ಕೇ ತಾನೇ ನಿನಗೆ ಕೊಟ್ಬಿಟ್ಟಿದ್ದು!” ಭಾವ ಕಣ್ಣೊರೆಸಿಕೊಂಡರು. “ನನ್ನ ಗಾಡಿ ನನಗೆ ವಾಪಸ್ ಕೊಟ್ಟೆ. ಈ ಉಪಕಾರ ಹೇಗೆ ತೀರಿಸ್ಲಿ?”

“ವಾಪಸ್ಸಾ, ಭಾವ?”

“ಮತ್ತೆ! ಇನ್ನು ಬಿಟ್ಟಿರೋಕಾಗುತ್ತಾ? ಆ ನಲವತ್ತು ನೋಡು, ಏನು ಚೆಂದ ಬರ್ದಿದೀಯ!”

ತಾತ ಹೊರಗೆ ಬಂದು ಹೆಮ್ಮೆಯಿಂದ, “ತೊಳೀರಿ ಅಂದೋನು ಇವನೇ” ಎಂದು ಸಾಕ್ಷಿ ಹೇಳಿದರು. ಭಾವ ಅವರ ಕಾಲಿಗೂ ನಮಸ್ಕರಿಸಿದರು, ಆಂಟಿಗೂ ಕೈ ಮುಗಿದರು. ಓಣಿಯಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಪ್ರೀತಿ ಉಕ್ಕುತ್ತಿತ್ತು. ಅಷ್ಟು ಸಂತೋಷದ ನಡುವೆ ಬೋರ್ಡಣ್ಣನಿಗೆ ಅಳಲು ಧೈರ್ಯ ಬರಲಿಲ್ಲ.

ಕಿಕ್ ಹೊಡೆಯುವ ಮುಂಚೆ ಭಾವನಿಗೆ ಏನೋ ನೆನಪಾಯಿತು. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು, ಬೋರ್ಡಣ್ಣನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

“ಎರಡು ವರ್ಷ ಕಾದು ಕಾದು ಬರ್ಕೊಂಡಿರೋದು. ಇನ್ನು ನನಗೆ ಬೇಡ, ನೀನು ಇಟ್ಕೊ.”

ಗಾಡಿ ತಿರುವು ದಾಟಿತು, ಬೋರ್ಡಿನ ಮಾತಿಗೆ ಸರಿಯಾಗಿ, ನಿಧಾನವಾಗಿ. ಬೋರ್ಡಣ್ಣ ಕಾಗದ ಬಿಡಿಸಿದ. ಪೆನ್ಸಿಲ್ಲಿನಲ್ಲಿ ಬೆಳಗಿಂದ ರಾತ್ರಿವರೆಗಿನ ಎಲ್ಲ ಬಸ್ಸುಗಳ ಹೊತ್ತು ಬರೆದಿತ್ತು. ಎಂಟೂ ಹತ್ತರ ಬಸ್ಸಿನ ಮುಂದೆ, ಅಡಿಗೆರೆ ಎಳೆದು, ಒಂದು ಸಾಲು: ‘ಕಂಡಕ್ಟರ್ ಸಿಡುಕ. ಬಣ್ಣದ ಡಬ್ಬದವನೊಬ್ಬನ ಮೇಲೆ ಹಲ್ಲು ಕಡಿಯುತ್ತಿದ್ದಾನೆ.’