ತೀರ್ಥದ ತಂಬಿಗೆಯಲ್ಲಿ ಸರ್ಕ್ಯೂಟ್ ಬೋರ್ಡು

ಈ ಪ್ರಕರಣದಲ್ಲಿ ನಷ್ಟ ಅನುಭವಿಸಿದವಳು ನನ್ನ ಹೆಂಡತಿ ಗಂಗವ್ವ. ನನಗೆ ಒಂದು ತರಚು ಗಾಯವೂ ಆಗಲಿಲ್ಲ. ಇದು ಮೊದಲ ಅನ್ಯಾಯ.

ಸಂಖ ಊರಿನ ನಮ್ಮ ಓಣಿಯಲ್ಲಿ ನೀರಿನ ಟಾಕಿಗಳು ತುಂಬಿ ಗಟಾರಕ್ಕೆ ಹರಿಯುತ್ತವೆ. ಇದು ಅಪರಾಧವೆಂದು ಹಲವು ಸಭೆಗಳಲ್ಲಿ ಖಂಡಿಸಿದ್ದೇನೆ. ಟಾಕಿಗಳು ಖಂಡನೆಗೆ ಜಗ್ಗಲಿಲ್ಲ. ಆದ್ದರಿಂದ ಟಾಕಿ ತುಂಬಿದೊಡನೆ ಕೂಗುವ ಯಂತ್ರವನ್ನು, ಅದರ ಸರ್ಕ್ಯೂಟ್ ಬೋರ್ಡಿನ ಸಮೇತ, ಮನೆಯಲ್ಲೇ ತಯಾರಿಸಲು ನಿಶ್ಚಯಿಸಿದೆ. ವಿಧಾನ ಸರಳ. ನುಣುಪು ಕಾಗದದಲ್ಲಿ ನಕ್ಷೆ ಮುದ್ರಿಸಿ, ತಾಮ್ರ ಹೊದಿಸಿದ ಬೋರ್ಡಿನ ಮೇಲೆ ಬೋರಲು ಇಟ್ಟು ಇಸ್ತ್ರಿ ಒತ್ತಬೇಕು. ಶಾಯಿಯ ಗೆರೆಗಳು ತಾಮ್ರಕ್ಕೆ ಅಂಟುತ್ತವೆ. ಆಮೇಲೆ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ ಗೆರೆಯ ಕೆಳಗಿನ ತಾಮ್ರ ಉಳಿದು, ಮಿಕ್ಕ ತಾಮ್ರವನ್ನು ದ್ರಾವಣ ತಿನ್ನುತ್ತದೆ.

ಕಾಗದಕ್ಕೆ ನಮ್ಮ ಪ್ಲಾಸ್ಟಿಕ್ ವಿರೋಧಿ ಸಮಿತಿಯ ಭಿತ್ತಿಪತ್ರಗಳಿದ್ದವು. ನಾನೇ ಅಧ್ಯಕ್ಷ. ಒಂದರ ಹಿಂಬದಿಯಲ್ಲಿ ನಕ್ಷೆ ಮುದ್ರಿಸಿ ಇಸ್ತ್ರಿ ಒತ್ತಿದೆ. ಘಾಟು ಎದ್ದಿತು. ಭಿತ್ತಿಪತ್ರ ಕರಗಿ ಇಸ್ತ್ರಿಯ ತಳಕ್ಕೆ ಮೆತ್ತಿಕೊಂಡಿತು. ಮಳೆಗೆ ತಡೆಯಲೆಂದು ಸಮಿತಿಯೇ ಅದಕ್ಕೆ ಪ್ಲಾಸ್ಟಿಕ್ ಲೇಪ ಮಾಡಿಸಿತ್ತು!

“ನಾಳೆ ಅಮಾಸಿ. ಗುಡ್ಡಾಪುರದ ಗುಡಿಗೆ ಉಡೂ ಸೀರಿಗೆ ಇದರಲೆ ಹೆಂಗ ಇಸ್ತ್ರಿ ಮಾಡ್ಲಿ?” ಎಂದಳು ಗಂಗವ್ವ.

“ದಾನಮ್ಮ ದೇವಿ ಸುಕ್ಕ ನೋಡಂಗಿಲ್ಲ,” ಎಂದು ಸಮಾಧಾನ ಹೇಳಿದೆ.

ತಳ ಕೆರೆದ ಇಸ್ತ್ರಿ ಸೀರೆಗೆ ಆಗದಿದ್ದರೂ ತಾಮ್ರಕ್ಕೆ ಆಯಿತು. ಹಳೆಯ ವಾರಪತ್ರಿಕೆಯ ಹಾಳೆಯಿಂದ ಗೆರೆಗಳು ಅಂದವಾಗಿ ಮೂಡಿದವು. ದ್ರಾವಣದ ಗಾಜಿನ ಬಾಟಲಿ ಹೊರತೆಗೆದೆ. ಕುರಿ ಕಾಯುವ ಪಕ್ಕದ ಮನೆಯ ಮಾಯಪ್ಪ ಗೋಡೆಯಾಚೆಯಿಂದ ನೋಡುತ್ತಿದ್ದ.

“ಸರ, ಪ್ಲಾಸ್ಟಿಕ್ ಟಬ್ಬಿನ್ಯಾಗ ಹಾಕ್ರಿ ಅಂತ ಬಾಟ್ಲಿ ಮ್ಯಾಲ ಬರದೈತಲ್ರಿ. ನಮ್ಮನ್ಯಾಗ ಐತಿ, ತರ್ಲೇನು?”

“ನನ್ನ ಮನ್ಯಾಗ ಪ್ಲಾಸ್ಟಿಕ್ ಕಾಲಿಡಂಗಿಲ್ಲ, ಮಾಯಪ್ಪ.”

“ಟಬ್ಬಿಗೆಲ್ಲಿ ಕಾಲ ಬಿಡ್ರಿ. ನಾನ ಹೊತ್ಕೊಂಡ ಬರ್ತೀನಿ.”

ನಾನು ದೇವರ ಗೂಡಿನಲ್ಲಿದ್ದ ತಾಮ್ರದ ತಂಬಿಗೆ ತೆಗೆದೆ. ಗಂಗವ್ವನ ತಾಯಿ ಕೊಟ್ಟದ್ದು. ಪ್ರತಿ ಅಮಾವಾಸ್ಯೆ ಗುಡ್ಡಾಪುರದಿಂದ ಅದರಲ್ಲೇ ತೀರ್ಥ ಬರುತ್ತಿತ್ತು. ದ್ರಾವಣ ಸುರಿದು, ಬೋರ್ಡನ್ನು ದಾರದಿಂದ ಇಳಿಬಿಟ್ಟು, ನಿಶ್ಚಿಂತೆಯಿಂದ ಸಮಿತಿಯ ಸಭೆಗೆ ಹೋದೆ. ತಾಮ್ರ ತಿನ್ನುವ ದ್ರಾವಣಕ್ಕೆ ಬೋರ್ಡು ಯಾವುದು, ತಂಬಿಗೆ ಯಾವುದು ಎಂದು ತಿಳಿಸುವವರು ಯಾರೂ ಮನೆಯಲ್ಲಿರಲಿಲ್ಲ.

ಸಂಜೆ ಮರಳಿದಾಗ ತಂಬಿಗೆಯ ತಳದ ಬೆಸುಗೆ ಬಿಟ್ಟು ಪರಸಿಕಲ್ಲಿನ ನೆಲದ ಮೇಲೆ ಕಂದು ಕೆರೆ ನಿಂತಿತ್ತು. ಬೋರ್ಡಿನ ತಾಮ್ರ ಬಹುಪಾಲು ಹಾಗೇ ಇತ್ತು.

ಗಂಗವ್ವ ತಂಬಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. “ಅವ್ವನ ಕೈಯಾಗಿಂದಿತ್ತು,” ಎಂದಳು. ಬೈಯಲಿಲ್ಲ. ಬೈದಿದ್ದರೆ ನನ್ನಲ್ಲಿ ಉತ್ತರವಿತ್ತು.

ಮರುದಿನ ಅವಳು ಸುಕ್ಕು ಸೀರೆ ಉಟ್ಟು, ತೀರ್ಥಕ್ಕೆಂದು ಪ್ಲಾಸ್ಟಿಕ್ ಬಾಟಲಿ ಹಿಡಿದು, ನಮ್ಮ ಬಾಗಿಲ ಮೇಲಿನ ಸಮಿತಿಯ ಫಲಕದ ಕೆಳಗಿನಿಂದಲೇ ಹೊರಟಳು.

“ಚಲೋ ಆತ್ ಬಿಡ್ರಿ ವೈನಿ,” ಎಂದ ಮಾಯಪ್ಪ. “ಸರ್ ಮುಟ್ಟದ ಸಾಮಾನ ಇದೊಂದ.”

ಆದ್ದರಿಂದ ಪ್ಲಾಸ್ಟಿಕ್ ವಿರೋಧಿ ಸಮಿತಿಯ ಅಧ್ಯಕ್ಷರಲ್ಲಿ ನನ್ನ ಸ್ಪಷ್ಟ ಬೇಡಿಕೆ: ಮುಂದಿನ ಅಮಾವಾಸ್ಯೆಯೊಳಗೆ ಗಂಗವ್ವನ ತಂಬಿಗೆಗೆ ಹೊಸ ತಳ ಹಾಕಿಸಿ ಕೊಡತಕ್ಕದ್ದು, ಅಲ್ಲಿಯವರೆಗೆ ಆ ಬಾಟಲಿಯ ವಿಷಯದಲ್ಲಿ ಬಾಯಿ ತೆರೆಯತಕ್ಕದ್ದಲ್ಲ.

ಅಧ್ಯಕ್ಷರು ಬೇಡಿಕೆಯನ್ನು ತಲೆ ತಗ್ಗಿಸಿ ಸ್ವೀಕರಿಸಿದ್ದಾರೆ. ಸ್ವೀಕರಿಸುವಾಗ ಅವರ ತಲೆಯ ಮೇಲೆ ಅವರದೇ ಟಾಕಿ ತುಂಬಿ ಹರಿಯುತ್ತಿತ್ತು.