ನಮ್ಮ ಮುಂಗೋಡೆಯ ಚಾರ್ಜರ್ ಸಾಹೇಬರ ಕೆಂಪು ದೀಪದ ಕುರಿತು

ಜೇವರ್ಗಿಯ ನಮ್ಮ ಮನೆಯ ಮುಂಗೋಡೆಯನ್ನು ಅಲಂಕರಿಸಿರುವ ಕಾರ್ ಚಾರ್ಜರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಸತೀಶಕುಮಾರನೆಂಬ ನಾನು ತಮ್ಮ ಕ್ಷೇಮವನ್ನು ವಿಚಾರಿಸಿ, ತಾವು ಗೋಡೆಯೇರಿದ ದಿನದಿಂದ ಕೆಂಪು ದೀಪ ತೋರಿಸುವುದೊಂದನ್ನು ಬಿಟ್ಟು ಬೇರಾವ ಸೇವೆಯನ್ನೂ ದಯಪಾಲಿಸಿಲ್ಲವೆಂಬುದನ್ನು ವಿನಯದಿಂದ ನೆನಪಿಸಲು ಈ ಪತ್ರ ಬರೆಯುತ್ತಿದ್ದೇನೆ.

ಕಾರು ನನ್ನದಲ್ಲ. ಅಫಜಲಪುರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಪಲ್ಲವಿ, ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬಂದು ಕಾಲು ಬಾತುಕೊಳ್ಳತೊಡಗಿದ ಮೇಲೆ ತನ್ನ ಉಳಿತಾಯದಲ್ಲಿ ಕೊಂಡದ್ದು. ಹಿತ್ತಲಲ್ಲಿ ಹದಿನೈದು ಆಂಪಿಯರಿನ ಸಾಕೆಟ್ ಒಂದಿದ್ದರೆ ಬೆಳಗಾಗುವಷ್ಟರಲ್ಲಿ ತನಗೆ ಬೇಕಾದಷ್ಟು ಚಾರ್ಜ್ ಆಗುತ್ತದೆ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ನಾನು ಅದನ್ನು ನಕ್ಕು ತಳ್ಳಿಹಾಕಿ, ಎರಡು ತಿಂಗಳು ಚಹಾ ಅಂಗಡಿಯಲ್ಲಿ ಕಾರೇ ಇಲ್ಲದವರ ಅಭಿಪ್ರಾಯಗಳನ್ನೆಲ್ಲ ಸಂಗ್ರಹಿಸಿ, ಎದುರುಮನೆಯ ವಕೀಲ ಶ್ರೀರಂಗರಾಯರ ಕಣ್ಣಿಗೆ ಬೀಳಲಿ ಎಂಬ ಒಂದೇ ಕಾರಣಕ್ಕೆ ತಮ್ಮನ್ನು ಆರಿಸಿ ರಸ್ತೆಯ ಕಡೆಗೇ ಕೂರಿಸಿದೆ.

ತಮ್ಮ ಕೋಪದ ಕಾರಣ ಹುಡುಕಲು ಬಂದ ಎಲೆಕ್ಟ್ರಿಷಿಯನ್ ಮಸೂದ, "ಸರ್, ಅರ್ಥಿಂಗ್ ಗುಂಡಿ ಎಲ್ಲಿ ಅದರಿ?" ಎಂದು ಕೇಳಿದಾಗ ನಾನು ಅಂಗಳದ ಕಡೆಗೆ ಸುಮ್ಮನೆ ಕೈ ಬೀಸಿದೆ. ಮನೆ ಕಟ್ಟುವಾಗ ಉಪ್ಪು, ಇದ್ದಿಲು ತುಂಬಿ ಆ ಗುಂಡಿ ಮಾಡಿದವನು ಅವನೇ. ಬೇಸಿಗೆಯಲ್ಲಿ ಎರಡು ಕೊಡ ನೀರು ಹಾಕಿರೆಂದು ಹೇಳಿ ಗುಂಡಿಯ ಬಾಯಿಯನ್ನು ತೆರೆದೇ ಬಿಟ್ಟಿದ್ದ. ಅಂಗಳದ ಅಂದ ಕೆಡುತ್ತದೆಂದು ಅದರ ಮೇಲೆ ಶಹಾಬಾದಿ ಫರ್ಸಿಕಲ್ಲು ಹಾಸಿಸಿದವನು ನಾನು. ಯಾವ ಫರ್ಸಿಯ ಕೆಳಗೆ ಎಂಬುದು ಈಗ ನನಗೂ ಗೊತ್ತಿಲ್ಲ. ಗೊತ್ತಿದೆಯೆಂದು ಹೇಳಿ ಒಂಬತ್ತು ಫರ್ಸಿ ಕೀಳಿಸಿದ್ದೇನೆ.

ಅರ್ಥಿಂಗ್ ಗುಂಡಿ ನೀರು ಕಾಣದೆ ಒಣಗಿ, ನೆಲದಲ್ಲಿ ಹಸಿಯಿಲ್ಲದ ಮನೆಗೆ ವಿದ್ಯುತ್ ಕೊಡಲಾರೆನೆಂಬ ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಕಡಿಮೆ. ತಮ್ಮಷ್ಟು ಪ್ರಾಮಾಣಿಕರು ಈ ಮನೆಯಲ್ಲಿ, ನನ್ನನ್ನು ಬಿಟ್ಟು ಲೆಕ್ಕ ಹಾಕಿದರೆ, ಉಳಿದವರೆಲ್ಲರೂ. ಆದ್ದರಿಂದ ತಮ್ಮಂಥದೇ ಒಂದು ಕೆಂಪು ದೀಪವನ್ನು ನನ್ನ ಹಣೆಗೂ ಕೂರಿಸಿ, ತಿಳಿಯದ ವಿಷಯಕ್ಕೆ ನಾನು ಬಾಯಿ ಹಾಕಿದಾಗಲೆಲ್ಲ ಅದು ಹತ್ತಿಕೊಳ್ಳುವಂತೆ ಮಾಡಬೇಕೆಂದು ಬೇಡಿಕೊಳ್ಳುತ್ತೇನೆ.

ಕಳೆದ ಭಾನುವಾರ ನಾನು ಹತ್ತನೆಯ ಫರ್ಸಿಯ ಬಗ್ಗೆ ಯೋಚಿಸುತ್ತ ಕುಳಿತಿದ್ದಾಗ, ಪಲ್ಲವಿ ಮಸೂದನನ್ನು ಕರೆಸಿ ಹಿತ್ತಲಲ್ಲಿ ಹೊಸ ಗುಂಡಿ ತೋಡಿಸಿ, ಮೀಟರಿನಿಂದ ಬೇರೆ ವೈರ್ ಎಳೆಸಿ, ಹದಿನೈದು ಆಂಪಿಯರಿನ ಸಾಕೆಟ್ ಹಾಕಿಸಿದಳು. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯಿತು. ಸೋಮವಾರ ಸಂಜೆ ಅವಳು ಕಾರಿನಿಂದ ಇಳಿದು ನೆಟ್ಟಗೆ ಒಳಗೆ ನಡೆದುಹೋದಾಗ, ಇಷ್ಟು ದಿನ ಅವಳು ಹೊಸ್ತಿಲ ಬಳಿ ಗೋಡೆ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಿದ್ದಳೆಂಬುದು ನನಗೆ ಹೊಳೆಯಿತು. ನನಗೆ ನಾಚಿಕೆಯಾಯಿತು. ಕಾರು ಚಾರ್ಜಿಲ್ಲದೆ ಮನೆಯಲ್ಲೇ ನಿಂತಿರಲು, ನನ್ನ ಆಯ್ಕೆಗೆ ಹಿಡಿದ ಎರಡು ತಿಂಗಳನ್ನೂ ತಮ್ಮ ಕೆಂಪು ದೀಪದ ಹದಿನೈದು ದಿನಗಳನ್ನೂ ಅವಳು ಬಸ್ಸಿನಲ್ಲಿ ನಿಂತು ಕಳೆದಿದ್ದಳು.

ಕಿತ್ತ ಫರ್ಸಿಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಿರುವ,

ತಮ್ಮ ವಿಶ್ವಾಸಿ,
ಸತೀಶಕುಮಾರ

ತಾ.ಕ.: ಅಂಚೆಗೆ ಹಾಕುವ ಮುನ್ನ ಈ ಪತ್ರವನ್ನು ಪಲ್ಲವಿಗೆ ತೋರಿಸಿದೆ. ಪೂರ್ತಿ ಓದಿ ಮಡಚಿ ಕೊಟ್ಟು, "ಪತ್ರ ಛಲೋ ಅದರಿ, ವಿಳಾಸ ಒಂದೇ ತಪ್ಪಾಗ್ಯದ" ಎಂದಳು. ಹೀಗಾಗಿ ತಮಗೆ ಬರೆದ ಈ ಪತ್ರ ನನಗೇ ತಲುಪಿದೆ.