ಸೋತಿದ್ದು ಯಾಕೆ, ಸಂಜೆಯೊಳಗೆ ಬರೆದುಕೊಡಿ

ಜೆ.ಪಿ. ನಗರದ ನಮ್ಮ ಬೀದಿಯಲ್ಲಿ ಚುನಾವಣೆ ಮುಗಿದರೂ ತಮಾಷೆ ಮುಗಿಯುವುದಿಲ್ಲ. ನಾನಿದ್ದ ಕಡೆಯೇ ಯಾಕೆ ಇಂಥವು ನಡೆಯುತ್ತವೋ, ದೇವರಾಣೆ ಗೊತ್ತಿಲ್ಲ.

ಈ ಸಲ ಆಳುವ ಪಕ್ಷ ಮಕಾಡೆ ಮಲಗಿತು. ವಿರೋಧ ಪಕ್ಷದವರು ತಾವೇ ಬೆಚ್ಚಿಬೀಳುವಷ್ಟು ಸೀಟು ಗೆದ್ದರು. ನಮ್ಮ ಎದುರುಮನೆ ಯಜಮಾನರು ಸೋತ ಪಕ್ಷದ ವಾರ್ಡ್ ಅಧ್ಯಕ್ಷರು. ಮೇಲಿನಿಂದ ಫೋನ್ ಬಂತು: ನಿಮ್ಮ ಬೂತಿನಲ್ಲಿ ಯಾಕಿಷ್ಟು ಹೀನಾಯ ಸೋಲು, ಭಾನುವಾರ ಸಂಜೆಯೊಳಗೆ ಬರೆದುಕೊಡಿ, ಇಲ್ಲದಿದ್ದರೆ ಅಧ್ಯಕ್ಷಗಿರಿ ಬೇರೆಯವರಿಗೆ. ನನ್ನ ಅಕ್ಷರ ದುಂಡಗಿದೆ ಅಂತ ನೋಟ್‌ಬುಕ್ ನನ್ನ ಕೈಗೆ ಬಂತು. ಇಬ್ಬರೂ ಭಾನುವಾರ ಬೆಳಗ್ಗೆಯೇ ಕಾರಣ ಹುಡುಕಿಕೊಂಡು ಹೊರಟೆವು.

ಬೆಲ್ಲು

ಮೊದಲು ಸಿಕ್ಕಿದ್ದು ಪಾರ್ಕಿನಲ್ಲಿ ಕೈ ಬೀಸಿಕೊಂಡು ನಡೆಯುತ್ತಿದ್ದ ರಿಟೈರ್ಡ್ ಮೇಷ್ಟ್ರು.

"ನಿಮ್ಮ ಕಡೆಯೋರು ಪ್ರಚಾರಕ್ಕೆ ಅಂತ ನಾಲ್ಕು ಸಲ ಬೆಲ್ ಒತ್ತಿದ್ರು. ನಾಲ್ಕು ಸಲಾನೂ ಮಧ್ಯಾಹ್ನ ಎರಡೂವರೆಗೆ. ಆಗ ತಾನೇ ಕಣ್ಣು ಹತ್ತಿರುತ್ತೆ ನನಗೆ."

"ವಿರೋಧ ಪಕ್ಷದೋರು?"

"ಪಾಪ, ಒಂದು ಸಲಾನೂ ಬರಲಿಲ್ಲ. ಅಂಥೋರಿಗೆ ಹಾಕದೆ ಇನ್ಯಾರಿಗೆ ಹಾಕ್ಲಿ?"

ಟಾರು

ಸಾರಕ್ಕಿ ಮಾರ್ಕೆಟ್ಟಿನ ಸೊಪ್ಪಿನ ಅಕ್ಕ ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಹೇಳಿದಳು, "ನಿಮ್ಮೋರು ಹಾಕಿಸಿದ ಟಾರು ಸಖತ್ತಾಗಿತ್ತು ಸಾರ್."

ಅಧ್ಯಕ್ಷರ ಮುಖ ಅರಳಿತು. "ಮತ್ಯಾಕಮ್ಮ ನಮಗೆ ಹಾಕಲಿಲ್ಲ?"

"ಮಾರನೇ ದಿನಾನೇ ಪೈಪಿಗೆ ಅಂತ ಅಗೆದುಬಿಟ್ರಲ್ಲ ಸಾರ್. ಯಾರು ಅವರು?"

ಅಧ್ಯಕ್ಷರು ಕೊತ್ತಂಬರಿ ಕಟ್ಟಿಗೆ ಕೈ ಹಾಕುತ್ತಾ, "ಅವರೂ ನಮ್ಮೋರೇ" ಅಂದರು. ಎರಡು ಕಟ್ಟು ಕೊತ್ತಂಬರಿ ಕೊಂಡು ವಾಪಸ್ ಬಂದೆವು.

ಶಾಲು

ಸಂಜೆ ಅವರ ಜಗಲಿಯಲ್ಲಿ ಕೂತು ಪೆನ್ನಿನ ಕ್ಯಾಪ್ ತೆಗೆದಿದ್ದೆ ಅಷ್ಟೇ, ತಮಟೆ ಸದ್ದು. ಗೆದ್ದ ಪಕ್ಷದ ಮೆರವಣಿಗೆ ಸೀದಾ ಅಧ್ಯಕ್ಷರ ಗೇಟಿಗೇ ಬಂತು. ಅದರ ಮುಖಂಡ ಒಳಗೆ ಬಂದು ಅವರಿಗೆ ಶಾಲು ಹೊದಿಸಿ ಕಾಲಿಗೂ ಬಿದ್ದ.

"ಸಾರ್, ನಮ್ಮ ಹತ್ರ ಇದ್ದಿದ್ದು ಒಂದೇ ಒಂದು ಲಟಾರಿ ಆಟೋ. ನೀವು ನಿಮ್ಮ ಕಾರಲ್ಲಿ ಏಳು ಟ್ರಿಪ್ ಹೊಡೀದೇ ಇದ್ದಿದ್ರೆ ಈ ಬೀದಿಯ ಅಜ್ಜಿಯರೆಲ್ಲ ಬೂತಿಗೆ ಬರೋದೇ ಕನಸಾಗಿತ್ತು. ಅಷ್ಟೂ ನಮಗೇ ಬಿತ್ತು ಸಾರ್."

ಏಳು ಟ್ರಿಪ್ ಅಂತ ಅವನಿಗೆ ಯಾರು ಹೇಳಿದರೋ ಕಾಣೆ. ನಾನು ಹೇಳಿದ್ದು ಐದು.

ಮೆರವಣಿಗೆ ಮುಂದೆ ಹೋಯಿತು. ಅಧ್ಯಕ್ಷರು ಶಾಲು ಹೊದ್ದುಕೊಂಡೇ ನಿಂತಿದ್ದರು. ಕಾಫಿ ತಂದ ಹೆಂಡತಿಯನ್ನು ನಿಧಾನಕ್ಕೆ ನೋಡಿದರು.

"ಲೇ, ನೀನೂ ಮೊದಲನೇ ಟ್ರಿಪ್ಪಲ್ಲೇ ಬಂದಿದ್ದೆ ಅಲ್ವಾ?"

"ಹೌದು ರೀ."

"ನನ್ನ ಅಧ್ಯಕ್ಷಗಿರಿ ಹೋಗುತ್ತೆ ಅಂತ ಗೊತ್ತಿತ್ತು ತಾನೇ ನಿನಗೆ?"

ಆಕೆ ಇಬ್ಬರ ಕೈಗೂ ಲೋಟ ಕೊಟ್ಟು, ಖಾಲಿ ತಟ್ಟೆ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಕಾರಣ ತಾನೇ ಬೇಕಿರೋದು? ಬರ್ಕೊಳ್ಳಿ. ಪಕ್ಷದೋರಿಗೆ ಅಂತ ಐದು ವರ್ಷ, ದಿನಕ್ಕೆ ಮೂವತ್ತು ಲೋಟ ಕಾಫಿ."